ತಪ್ಪು ತಾಯಿಯದಲ್ಲ

ಬಾಣಂತಿಯೊಬ್ಬಳು ತೀರಿಕೊಂಡ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಒಂದೇ. ಮೈಯಲ್ಲಿ ರಕ್ತವೇ ಇರಲಿಲ್ಲವಂತೆ. ತಡವಾಗಿ ಕರೆತಂದರಂತೆ. ಕೊಟ್ಟ ಮಾತ್ರೆ ನುಂಗುತ್ತಿರಲಿಲ್ಲವಂತೆ. ಓದುಬರಹ ಇಲ್ಲದ ಮನೆಯಂತೆ. ವಾರ್ಡಿನ ಹೊರಗೆ ನಿಂತ ನೆಂಟರಿಂದ ಹಿಡಿದು ಪತ್ರಿಕಾಗೋಷ್ಠಿಯಲ್ಲಿ ಕೂತ ಅಧಿಕಾರಿಗಳವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ಈ ಮಾತುಗಳ ಬುಡದಲ್ಲಿ ಒಂದು ನಂಬಿಕೆ ಇದೆ. ಹೆಣ್ಣುಮಕ್ಕಳೆಲ್ಲ ಆಸ್ಪತ್ರೆಯಲ್ಲೇ ಹೆರುವಂತೆ ಮಾಡಿದರೆ ಸರ್ಕಾರದ ಹೊಣೆ ಮುಗಿಯಿತು, ಆಮೇಲೂ ಸಾವು ಬಂದರೆ ಅದು ಅವಳ ದೇಹದ ತಪ್ಪು, ಮನೆಯವರ ತಪ್ಪು, ಇಲ್ಲವೇ ಹಣೆಬರಹ ಎಂಬ ನಂಬಿಕೆ. ಇದು ಸುಳ್ಳು. ಕಾರಣ ಗೊತ್ತಿದ್ದೂ, ಔಷಧ ಗೊತ್ತಿದ್ದೂ ತಾಯಂದಿರನ್ನು ಕಳೆದುಕೊಳ್ಳುತ್ತಿರುವ ನಾಡು ತನ್ನ ಮನಸ್ಸಾಕ್ಷಿಯನ್ನು ಸಮಾಧಾನಪಡಿಸಿಕೊಳ್ಳಲು ಕಂಡುಕೊಂಡ ಸುಳ್ಳು.

ಎದುರುಪಕ್ಷದ ವಾದವನ್ನು ಮೊದಲು ಅದರ ಪೂರ್ತಿ ಬಲದೊಂದಿಗೇ ಮುಂದಿಡೋಣ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಯಲ್ಲಿ ಹೆತ್ತರೆ ಕೈಗೆ ಹಣ ಸಿಗುವಂತಾಯಿತು. ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಬಂದರು, 108 ಆಂಬುಲೆನ್ಸ್ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ ಎಂದು ಸಾರಿತು. ಕರ್ನಾಟಕವು ಮಡಿಲು ಕಿಟ್, ತಾಯಿ ಭಾಗ್ಯ ಎಂಬ ತನ್ನವೇ ಯೋಜನೆಗಳನ್ನು ಸೇರಿಸಿತು. 2017ರಲ್ಲಿ ಅಂಗನವಾಡಿಯಲ್ಲೇ ಗರ್ಭಿಣಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣವನ್ನೂ ತಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ರಾತ್ರಿ ಹಗಲೆನ್ನದೆ ಬಸುರಿಯರ ಜೊತೆ ಆಸ್ಪತ್ರೆಗೆ ನಡೆದ ಆಶಾ ಕಾರ್ಯಕರ್ತೆಯರ ದುಡಿಮೆ ಇದರಲ್ಲಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ.

ಆದರೆ ವಾದ ಇಲ್ಲಿಗೆ ನಿಲ್ಲುವುದಿಲ್ಲ. ಆಸ್ಪತ್ರೆ ಹೆರಿಗೆ ಏರಿತು, ಸಾವು ಇಳಿಯಿತು, ಆದ್ದರಿಂದ ಆಸ್ಪತ್ರೆ ಹೆರಿಗೆ ಎಂದರೇ ಸುರಕ್ಷಿತ ಹೆರಿಗೆ ಎಂದು ಅದು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆ ಹೆಜ್ಜೆ ತಪ್ಪು ಎನ್ನುವುದಕ್ಕೆ ನೆರೆಯ ರಾಜ್ಯಗಳೇ ಸಾಕ್ಷಿ. ಅದೇ 2019-21ರ ಸಮೀಕ್ಷೆಯಲ್ಲಿ ತೆಲಂಗಾಣದ ಆಸ್ಪತ್ರೆ ಹೆರಿಗೆಯೂ ನೂರಕ್ಕೆ 97. ಆಂಧ್ರಪ್ರದೇಶದ್ದು ನಮಗಿಂತ ಕೂದಲೆಳೆಯಷ್ಟು ಕಡಿಮೆ, 96.5. ಆದರೆ 2018-20ರಲ್ಲಿ ತಾಯಂದಿರ ಸಾವಿನ ಪ್ರಮಾಣ ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಆಸ್ಪತ್ರೆಗೆ ಬರುವವರ ಪಾಲು ಒಂದೇ ಇದ್ದೂ ಸಾಯುವವರ ಸಂಖ್ಯೆ ಒಂದೂವರೆ ಪಟ್ಟು ಆಗುವುದಾದರೆ ಆ ವ್ಯತ್ಯಾಸ ಹುಟ್ಟುವುದು ಎಲ್ಲಿ? ಮನೆಯಲ್ಲಿ ಅಲ್ಲ, ದಾರಿಯಲ್ಲಿ ಮತ್ತು ಆಸ್ಪತ್ರೆಯ ಒಳಗೆ. ಜನನಿ ಸುರಕ್ಷಾ ಯೋಜನೆಯನ್ನು ಒಂಬತ್ತು ರಾಜ್ಯಗಳ ಜಿಲ್ಲೆಗಳಲ್ಲಿ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಪತ್ರೆ ಹೆರಿಗೆಯ ಏರಿಕೆಗೂ ತಾಯಂದಿರ ಸಾವಿನ ಇಳಿಕೆಗೂ ಗಟ್ಟಿ ಸಂಬಂಧ ಕಾಣುವುದಿಲ್ಲ ಎಂದಿತ್ತು. ಆ ಎಚ್ಚರಿಕೆ ನಮ್ಮ ಕಿವಿಗೆ ಬೀಳಲಿಲ್ಲ.

ಇನ್ನು 'ಮೈಯಲ್ಲಿ ರಕ್ತವೇ ಇರಲಿಲ್ಲ' ಎಂಬ ಮಾತು. ರಕ್ತಹೀನತೆ ನಿಜವಾದ ಅಪಾಯ. ರಕ್ತ ಕಡಿಮೆ ಇರುವವಳು ಹೆರಿಗೆಯ ಸ್ರಾವವನ್ನು ತಾಳಿಕೊಳ್ಳಲಾರಳು. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45.7 ಮಂದಿ ರಕ್ತಹೀನರು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಆದರೆ ತಮಿಳುನಾಡಿನಲ್ಲಿ ಅದು 48.3, ಆಂಧ್ರದಲ್ಲಿ 53.7. ನಮಗಿಂತ ಹೆಚ್ಚು ರಕ್ತಹೀನ ಗರ್ಭಿಣಿಯರಿರುವ ರಾಜ್ಯಗಳು ನಮಗಿಂತ ಹೆಚ್ಚು ತಾಯಂದಿರನ್ನು ಉಳಿಸಿಕೊಳ್ಳುತ್ತಿವೆ. ಹಾಗಿರುವಾಗ ಸಾವಿನ ಕಾರಣವನ್ನೆಲ್ಲ ಅವಳ ಮೈಮೇಲೆ ಹೊರಿಸುವುದು ಹೇಗೆ ನ್ಯಾಯವಾಗುತ್ತದೆ? ಒಂಬತ್ತು ತಿಂಗಳು ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂಕಿ ಬರೆದುಕೊಂಡವರು ನಾವು. ಏಳು ಗ್ರಾಂ ಎಂದು ಬರೆದು ಮತ್ತೆ ಅದೇ ಕಬ್ಬಿಣದ ಮಾತ್ರೆಯ ಪಟ್ಟಿ ಕೊಟ್ಟು ಕಳಿಸುವುದು ಆರೈಕೆಯಲ್ಲ, ದಾಖಲಾತಿ. ಮಾತ್ರೆ ಒಗ್ಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಬಹುದು. ಹೆರಿಗೆ ಹತ್ತಿರವಿದ್ದರೆ ರಕ್ತವನ್ನೇ ಮುಂಚಿತವಾಗಿ ಹೊಂದಿಸಬಹುದು. ಅಂಕಿ ಬರೆದವರು ಈ ಮುಂದಿನ ಹೆಜ್ಜೆ ಇಡದಿದ್ದಾಗ ದೋಷ ಕಾರ್ಡ್ ಹಿಡಿದವಳದಲ್ಲ.

ಇದಕ್ಕಿಂತ ಮುಖ್ಯವಾದ ವೈದ್ಯಕೀಯ ಸತ್ಯವೊಂದು ಸಾರ್ವಜನಿಕ ಚರ್ಚೆಗೆ ಬರುವುದೇ ಇಲ್ಲ. ಗರ್ಭಿಣಿಯರನ್ನು ಅಪಾಯದವರು, ಅಪಾಯವಿಲ್ಲದವರು ಎಂದು ವಿಂಗಡಿಸಿ ಮೊದಲಿನವರ ಮೇಲೆ ಕಣ್ಣಿಟ್ಟರೆ ಸಾಕು ಎಂದು ನಾವು ತಿಳಿದಿದ್ದೇವೆ. ಹೆರಿಗೆಯ ನಂತರದ ರಕ್ತಸ್ರಾವ ಈ ವಿಂಗಡಣೆಗೆ ಬಗ್ಗುವುದಿಲ್ಲ. ಚೆನ್ನಾಗಿ ಉಂಡುಟ್ಟ, ಬಿಪಿ ಸರಿಯಿರುವ, ಎಲ್ಲ ತಪಾಸಣೆಗೂ ಬಂದ ಹೆಣ್ಣುಮಗಳಿಗೂ ಮಗು ಹೊರಬಂದ ಹತ್ತೇ ನಿಮಿಷದಲ್ಲಿ ಗರ್ಭಕೋಶ ಕುಗ್ಗದೆ ರಕ್ತ ಹರಿಯತೊಡಗಬಹುದು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ತೀವ್ರ ಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯಲ್ಲೇ ಜೀವ ಹೋಗಬಹುದು. ಆದ್ದರಿಂದ ಮುಂಚಿತವಾಗಿ ಯಾರಿಗೆ ಅಪಾಯ ಎಂದು ಊಹಿಸುವ ವ್ಯವಸ್ಥೆಯಷ್ಟೇ ಸಾಲದು. ಹೆರುವ ಪ್ರತಿಯೊಬ್ಬಳಿಗೂ ಆ ಎರಡು ಗಂಟೆಯ ಒಳಗೆ ಔಷಧ, ರಕ್ತ, ಶಸ್ತ್ರಚಿಕಿತ್ಸೆ ಮೂರೂ ಸಿಗುವ ವ್ಯವಸ್ಥೆ ಬೇಕು.

ಈ ಬೆಳಕಿನಲ್ಲಿ 'ತಡವಾಗಿ ಬಂದಳು' ಎಂಬ ಆರೋಪವನ್ನು ನೋಡಬೇಕು. ತಡ ಮೂರು ಬಗೆಯದು ಎಂದು ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು 1994ರಲ್ಲೇ ವಿವರಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ನಿರ್ಧರಿಸುವ ತಡ, ದಾರಿ ಸವೆಸುವ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವ ತಡ. ನಮ್ಮ ಆರೋಗ್ಯ ಇಲಾಖೆಗಳು ಎಷ್ಟೋ ವರ್ಷ ಮೊದಲನೆಯದರ ಮೇಲೆಯೇ ಗೋಡೆಬರಹ ಬರೆಸಿದವು. ಆ ತಡವನ್ನು ನಮ್ಮ ಹೆಣ್ಣುಮಕ್ಕಳು ಬಹುಮಟ್ಟಿಗೆ ನೀಗಿಸಿಕೊಂಡರು. ನೂರಕ್ಕೆ 97 ಮಂದಿ ಬಂದರಲ್ಲ! ಬಂದವರಿಗೆ ಏನಾಯಿತು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲವೆಂದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ಅರಿವಳಿಕೆ ತಜ್ಞರಿಲ್ಲವೆಂದು ಜಿಲ್ಲಾಸ್ಪತ್ರೆಗೆ, ಅಲ್ಲಿ ಹಾಸಿಗೆಯಿಲ್ಲವೆಂದು ದೊಡ್ಡ ಊರಿನ ವೈದ್ಯಕೀಯ ಕಾಲೇಜಿಗೆ. ಪ್ರತಿ ಕಡೆಯೂ ಒಂದು ಚೀಟಿ, ಚೀಟಿಯ ಮೇಲೆ 'ರೆಫರ್' ಎಂಬ ಪದ. ಕೊನೆಯ ಆಸ್ಪತ್ರೆಯವರು 'ತುಂಬ ತಡವಾಗಿ ಬಂದಳು' ಎನ್ನುತ್ತಾರೆ. ಅವಳು ಹೊರಟದ್ದು ಹೊತ್ತಿಗೆ ಸರಿಯಾಗಿಯೇ. ತಡ ಮಾಡಿದ್ದು ನಮ್ಮ ಆಸ್ಪತ್ರೆಗಳ ಸಾಲು. ಕೊಪ್ಪಳ ಜಿಲ್ಲೆಯಲ್ಲಿ ತಾಯಂದಿರ ಸಾವು ಏಕೆ ಇಳಿಯುತ್ತಿಲ್ಲ ಎಂದು ಅಧ್ಯಯನ ಮಾಡಿದ ಆಶಾ ಜಾರ್ಜ್ 2007ರಲ್ಲೇ ಬೆರಳಿಟ್ಟು ತೋರಿಸಿದ್ದು ಸೇವೆ ಕೊಡುವ ಕಡೆಯ ಕೊರತೆಗಳನ್ನು.

ಈ ರೆಫರ್ ಸರಪಳಿಗೆ ವೈದ್ಯರ ಸೋಮಾರಿತನವೇ ಕಾರಣ ಎಂದು ನಾನು ಹೇಳುವುದಿಲ್ಲ. ಸಿಸೇರಿಯನ್ ಆಗಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ನುರಿತ ನರ್ಸು, ರಕ್ತ ಎಲ್ಲವೂ ಒಂದೇ ಸೂರಿನಡಿ ಒಂದೇ ಹೊತ್ತಿಗೆ ಇರಬೇಕು. ನಾವು ಮಾಡಿದ್ದೇನು? ಎಲ್ಲ ಊರಿಗೂ ಏನಾದರೂ ಕೊಟ್ಟೆವೆಂದು ತೋರಿಸಲು ತಜ್ಞರನ್ನು ಒಬ್ಬೊಬ್ಬರನ್ನಾಗಿ ಹಂಚಿದೆವು. ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪ್ರಸೂತಿ ತಜ್ಞರಿದ್ದರೆ ಅರಿವಳಿಕೆ ತಜ್ಞರಿಲ್ಲ. ಇನ್ನೊಂದರಲ್ಲಿ ಇಬ್ಬರೂ ಇದ್ದರೆ ರಕ್ತವಿಲ್ಲ. ಒಬ್ಬರೇ ತಜ್ಞರಿರುವ ಆಸ್ಪತ್ರೆ ದಿನದ ಇಪ್ಪತ್ನಾಲ್ಕು ಗಂಟೆ ನಡೆಯಲಾರದು. ಆ ವೈದ್ಯರೂ ಮನುಷ್ಯರೇ, ಅವರಿಗೂ ನಿದ್ದೆ ಬೇಕು, ರಜೆ ಬೇಕು. ಹೆರಿಗೆ ನೋವಿಗೆ ಹೊತ್ತುಗೊತ್ತಿಲ್ಲ. ಹತ್ತು ಕಡೆ ಅರೆಬರೆ ನಡೆಯುವ ಹೆರಿಗೆ ವಾರ್ಡುಗಳಿಗಿಂತ ಮೂರು ಕಡೆ ಹಗಲಿರುಳು ಪೂರ್ತಿಯಾಗಿ ನಡೆಯುವ ತಾಲ್ಲೂಕು ಆಸ್ಪತ್ರೆಗಳೂ ಅಲ್ಲಿಗೆ ನೇರ ಒಯ್ಯುವ ವಾಹನವೂ ಹೆಚ್ಚು ಜೀವ ಉಳಿಸುತ್ತವೆ. ಇದನ್ನು ಒಪ್ಪಲು ಶಾಸಕರಿಗೆ ಕಷ್ಟ. ಅವರ ಊರಿನ ಆಸ್ಪತ್ರೆಯ ನಾಮಫಲಕ ಸಣ್ಣದಾಗುತ್ತದೆ. ಆದರೆ ನಾಮಫಲಕಕ್ಕಾಗಿ ಜೀವ ಕೊಡಬೇಕಾದವಳು ಬಸುರಿ ಹೆಂಗಸಲ್ಲ.

ತರಬೇತಿ ಕೊಟ್ಟು, ಪಟ್ಟಿ ಕೊಟ್ಟು ಸರಿಪಡಿಸಬಹುದು ಎನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪರಿಶೀಲನಾ ಪಟ್ಟಿಯನ್ನು ಮೊದಲು ಪ್ರಯೋಗಿಸಿದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲೇ. 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದಲ್ಲಿ 25 ನಡೆಯತೊಡಗಿದವು ಎಂದು 2012ರಲ್ಲಿ ವರದಿಯಾಯಿತು. ಎಲ್ಲರೂ ಸಂತೋಷಪಟ್ಟರು. ಆಮೇಲೆ ಅದನ್ನು ಉತ್ತರಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ದಾದಿಯರ ನಡವಳಿಕೆ ಸುಧಾರಿಸಿತು, ಆದರೆ ತಾಯಂದಿರ ಮತ್ತು ಶಿಶುಗಳ ಸಾವು ಇಳಿಯಲಿಲ್ಲ ಎಂದು 2017ರಲ್ಲಿ ಫಲಿತಾಂಶ ಬಂತು. ಕೈ ತೊಳೆಯುವುದು, ಬಿಪಿ ನೋಡುವುದು, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡುವುದು ಎಲ್ಲವೂ ಬೇಕು. ಆದರೆ ಕೆಟ್ಟದ್ದು ಸಂಭವಿಸಿದಾಗ ಹಿಂದೆ ನಿಲ್ಲುವ ರಕ್ತನಿಧಿಯೂ ಶಸ್ತ್ರಚಿಕಿತ್ಸೆಯೂ ಇಲ್ಲದಿದ್ದರೆ ಪಟ್ಟಿಯಲ್ಲಿ ಗುರುತು ಹಾಕಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ.

ಸಾವು ಸುದ್ದಿಯಾದಾಗ, ವ್ಯವಸ್ಥೆಯ ಹೊಣೆ ಏನಿಲ್ಲ ಎಂಬ ಆ ನಂಬಿಕೆ ಇನ್ನೊಂದು ವೇಷ ತೊಡುತ್ತದೆ. ತಾಯಿಯನ್ನು ದೂರಲಾಗದಿದ್ದರೆ ಒಬ್ಬ ಅಪರಾಧಿಯನ್ನು ಹುಡುಕುತ್ತದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಅವಳಿ ಮಕ್ಕಳನ್ನು ಹೊತ್ತಿದ್ದ ಬಡ ತಾಯಿಯೊಬ್ಬಳನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಜಿಲ್ಲಾಸ್ಪತ್ರೆ ಸೇರಿಸಿಕೊಳ್ಳಲಿಲ್ಲ ಎಂಬ ಸುದ್ದಿ ಬಂತು. ಆಕೆ ಮನೆಗೆ ಮರಳಿ ಹೆತ್ತು, ಮಕ್ಕಳೊಂದಿಗೆ ತಾನೂ ತೀರಿಕೊಂಡಳು. ವೈದ್ಯರನ್ನೂ ನರ್ಸುಗಳನ್ನೂ ಅಮಾನತು ಮಾಡಲಾಯಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರಂತೆ ಸತ್ತರು. ಅವರಿಗೆ ಏರಿಸಿದ್ದ ಐವಿ ದ್ರಾವಣದ ಮೇಲೆ ಸಂಶಯ ಬಂತು, ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು. ತಪ್ಪಿತಸ್ಥರಿಗೆ ಶಿಕ್ಷೆ ಆಗಲೇಬೇಕು. ಆದರೆ ಅಮಾನತಿನ ಆದೇಶ ಹೊರಬಿದ್ದ ಸಂಜೆಯೇ ಸಮಾಜದ ಕೋಪ ತಣಿದರೆ, ಮರುದಿನ ಅದೇ ವಾರ್ಡಿನಲ್ಲಿ ಹೆರಲಿರುವವಳಿಗೆ ಏನು ಬದಲಾಯಿತು?

ಕೋಪ ಗುರಿ ತಪ್ಪಿದರೆ ಏನಾಗುತ್ತದೆಂದು ರಾಜಸ್ಥಾನದ ಲಾಲ್‌ಸೋಟ್ ತೋರಿಸಿತು. 2022ರ ಮಾರ್ಚ್‌ನಲ್ಲಿ ಅಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬಳು ಸತ್ತಾಗ ಚಿಕಿತ್ಸೆ ಕೊಟ್ಟ ವೈದ್ಯೆಯ ಮೇಲೆ ಪೊಲೀಸರು ಕೊಲೆ ಪ್ರಕರಣ ದಾಖಲಿಸಿದರು. ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ಇಂಥ ಭಯ ಹುಟ್ಟಿದ ಕಡೆ ಯಾವ ವೈದ್ಯರು ಕಷ್ಟದ ಹೆರಿಗೆಗೆ ಕೈಹಾಕುತ್ತಾರೆ? ರೆಫರ್ ಚೀಟಿ ಬರೆಯುವ ಕೈಗೆ ಇನ್ನಷ್ಟು ವೇಗ ಬರುತ್ತದೆ, ಅಷ್ಟೆ.

ಕೇರಳ ಬೇರೆ ದಾರಿ ಹಿಡಿಯಿತು. 2004ರಿಂದ ಅಲ್ಲಿ ತಾಯಂದಿರ ಸಾವುಗಳನ್ನು ಗೋಪ್ಯವಾಗಿ ಪರಿಶೀಲಿಸುವ ಪದ್ಧತಿ ಇದೆ. ಪ್ರಸೂತಿ ತಜ್ಞರ ಸಂಘಟನೆಯೇ ಸರ್ಕಾರದ ಜೊತೆ ಸೇರಿ ನಡೆಸುವ ಕೆಲಸವಿದು. ಹೆಸರುಗಳನ್ನು ತೆಗೆದುಹಾಕಿ, ಯಾವ ಗಂಟೆಗೆ ಏನಾಯಿತು, ಯಾವ ಹಂತದಲ್ಲಿ ಬೇರೆಯದನ್ನು ಮಾಡಬಹುದಿತ್ತು ಎಂದು ವೈದ್ಯರೇ ಕೂತು ನೋಡುತ್ತಾರೆ. ಕಲಿತ ಪಾಠ ಪುಸ್ತಕವಾಗಿ, ತರಬೇತಿಯಾಗಿ ಹೆರಿಗೆ ಕೋಣೆಗೆ ಮರಳುತ್ತದೆ. ಹೇಳಿದವರಿಗೆ ಶಿಕ್ಷೆಯ ಭಯವಿಲ್ಲದ್ದರಿಂದ ಸತ್ಯ ಹೊರಬರುತ್ತದೆ. ಕರ್ನಾಟಕವೂ ಬಳ್ಳಾರಿಯ ನಂತರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತು ಎಂದು ಸರ್ಕಾರದ ವರದಿಯೇ ಒಪ್ಪಿಕೊಂಡಿತು. ಹಣೆಬರಹದ ವಾದಕ್ಕೆ ಇದಕ್ಕಿಂತ ದೊಡ್ಡ ಖಂಡನೆ ಬೇಕಿಲ್ಲ. ಅಂಥ ಪರಿಶೀಲನೆ ಒಂದು ದುರಂತಕ್ಕೆ ಒಂದು ಸಲ ನಡೆದು ಮುಗಿಯಬಾರದು. ಪ್ರತಿ ವರ್ಷ, ಪ್ರತಿ ಜಿಲ್ಲೆಯಲ್ಲಿ, ಖಾಸಗಿ ಆಸ್ಪತ್ರೆಗಳನ್ನೂ ಒಳಗೊಂಡು ನಡೆಯಬೇಕು.

ಪಾಠಗಳು ದುಬಾರಿಯವೇನಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್ಎಂ ಎಂಬ ಸಹಾಯಕ ದಾದಿಯರು ಹೆರಿಗೆಯಾದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ ಪ್ರಯೋಗದ ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು: ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸರಳ. ಹೆರುವವಳ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿ ರಕ್ತವನ್ನು ಕಣ್ಣಂದಾಜಿನ ಬದಲು ಅಳೆದರು. ಗೆರೆ ದಾಟಿದೊಡನೆ ಗರ್ಭಕೋಶ ತಿಕ್ಕುವುದು, ಔಷಧ, ದ್ರಾವಣ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರ ಘೋರ ಪರಿಣಾಮಗಳು ಶೇಕಡಾ 60ರಷ್ಟು ಇಳಿದವು. ಬಿಪಿ ಏರಿ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕೆ ಇಳಿಸುವ ಮೆಗ್ನೀಷಿಯಂ ಸಲ್ಫೇಟ್ ಅಗ್ಗದ ಔಷಧ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಕೂಡ ಅಗ್ಗದ್ದೇ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡದಿದ್ದರೆ ಶಕ್ತಿ ಕುಂದುತ್ತದೆ. ಹಳ್ಳಿಯ ಕೇಂದ್ರದ ಫ್ರಿಜ್‌ಗೆ ಕರೆಂಟು ಇದೆಯೇ ಎಂದು ನೋಡಿಕೊಳ್ಳುವುದೂ ತಾಯಿಯ ಪ್ರಾಣ ಕಾಯುವ ಕೆಲಸವೇ.

ಈ ಕೆಲಸಗಳನ್ನೆಲ್ಲ ಮಾಡುವ ಕೈಗಳ ಬಗ್ಗೆ ನಮಗಿರುವ ಗೌರವ ಬಾಯಿಮಾತಿನದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟೆವು, ಸರಿಯಾದ ಗೌರವ. ಆದರೆ ಹೆರಿಗೆಯನ್ನೇ ವೃತ್ತಿಯಾಗಿ ಕಲಿತು, ಹೆರುವವಳ ಪಕ್ಕ ಕೊನೆಯವರೆಗೆ ನಿಲ್ಲುವ ತರಬೇತಿ ಪಡೆದ ಪ್ರಸೂತಿ ದಾದಿಯರ ಹುದ್ದೆಗಳನ್ನು ಕಟ್ಟಲಿಲ್ಲ. ಅಂಥ ವರ್ಗವೊಂದನ್ನು ರೂಪಿಸುವ ಮಾರ್ಗಸೂಚಿ ಕೇಂದ್ರದಿಂದ ಬಂದದ್ದೂ ಅದೇ 2018ರಲ್ಲಿ. ಶ್ರೀಲಂಕಾ ಈ ಕೆಲಸವನ್ನು ಬಡತನದಲ್ಲಿದ್ದಾಗಲೇ ಆರಂಭಿಸಿತ್ತು. 1930ರ ದಶಕದಲ್ಲಿ ಲಕ್ಷ ಹೆರಿಗೆಗೆ ಎರಡು ಸಾವಿರದ ಆಸುಪಾಸು ತಾಯಂದಿರು ಸಾಯುತ್ತಿದ್ದ ದ್ವೀಪವದು. ಪ್ರತಿ ಪ್ರದೇಶಕ್ಕೂ ಸಾರ್ವಜನಿಕ ಆರೋಗ್ಯ ಸೂಲಗಿತ್ತಿ, ಅವಳ ಬೆನ್ನಿಗೆ ಉಚಿತ ಆಸ್ಪತ್ರೆ, ಪ್ರತಿ ಸಾವಿನ ವಿಚಾರಣೆ ಇವುಗಳಿಂದ ಇಂದು ಆ ಸಂಖ್ಯೆ ನಲವತ್ತರೊಳಗೆ ಬಂದಿದೆ. ಆದ್ದರಿಂದ 'ದುಡ್ಡಿಲ್ಲ' ಎಂಬ ಮಾತು ನಿಲ್ಲುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ಭತ್ಯೆ ಎಂದು ಬರೆದಿದೆ. ಕೇಂದ್ರದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಕೊಡುವುದು 5,000, ಅದೂ ಷರತ್ತುಗಳೊಂದಿಗೆ. ಕಾಯ್ದೆ ಹೇಳಿದ್ದನ್ನೂ ಕೊಡದವರು ತಾಯಂದಿರ ನಿರ್ಲಕ್ಷ್ಯದ ಬಗ್ಗೆ ಮಾತಾಡುವ ಹಕ್ಕು ಕಳೆದುಕೊಂಡಿದ್ದಾರೆ.

ಹೆರಿಗೆಯ ನಂತರದ ದಿನಗಳನ್ನಂತೂ ನಮ್ಮ ವ್ಯವಸ್ಥೆ ಪೂರ್ತಿ ಮರೆತಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಹೆತ್ತದ್ದು ತವರಿನ ತಾಲ್ಲೂಕಿನಲ್ಲಿ, ಬಾಣಂತನ ಅಮ್ಮನ ಮನೆಯಲ್ಲಿ. ಅವಳ ಬಿಪಿಯ ಇತಿಹಾಸ ಗೊತ್ತಿರುವ ಆಶಾ ಒಂದು ಊರಲ್ಲಿ, ಅವಳಿರುವುದು ಇನ್ನೊಂದು ಊರಲ್ಲಿ. ಐದನೆಯ ದಿನ ಜ್ವರ ಬಂದರೆ ಅದು ನಂಜಿನ ಜ್ವರವೋ ಎದೆಹಾಲು ಕಟ್ಟಿದ ಜ್ವರವೋ ಎಂದು ನೋಡಲು ಬರುವವರಿಲ್ಲ. ಬಾಣಂತಿಯನ್ನು ಹೊರಗೆ ಕರೆದೊಯ್ಯಬಾರದೆಂದು ಹಿರಿಯರು ಕಷಾಯ ಕಾಯಿಸುತ್ತಾರೆ. ತವರಿಗೆ ಹೋಗುವುದು ತಪ್ಪಲ್ಲ. ಮೈ ಸೋತ ಹುಡುಗಿಗೆ ತಾಯಿಯ ಆರೈಕೆ ಸಿಗುವ ಒಳ್ಳೆಯ ಪದ್ಧತಿ ಅದು. ನೂರಾರು ವರ್ಷಗಳಿಂದ ಎಲ್ಲರಿಗೂ ಗೊತ್ತಿರುವ ಈ ಪದ್ಧತಿಗೆ ತಕ್ಕಂತೆ ಮಾಹಿತಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಂತೆ ಮಾಡದ ಇಲಾಖೆಯದು ತಪ್ಪು.

ತಾಯಂದಿರ ಸಾವನ್ನು ತಡೆಯುವುದು ದಯೆಯ ಕೆಲಸವಲ್ಲ. ಸುರಕ್ಷಿತ ಹೆರಿಗೆಯ ಆರೈಕೆ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೆಂದು ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಹಕ್ಕು ಎಂದ ಮೇಲೆ ಅದನ್ನು ಕೇಳುವವರೂ ಬೇಕು. ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಆಗುತ್ತದೆಯೇ? ಅಲ್ಲಿ ರಕ್ತ ಸಂಗ್ರಹವಿದೆಯೇ? ಕಳೆದ ವರ್ಷ ಜಿಲ್ಲೆಯಲ್ಲಿ ಎಷ್ಟು ತಾಯಂದಿರು ಸತ್ತರು, ಪರಿಶೀಲನೆಯಿಂದ ಏನು ಬದಲಾಯಿತು? ಗ್ರಾಮಸಭೆಯಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ, ಮತ ಕೇಳಲು ಬರುವ ಅಭ್ಯರ್ಥಿಯ ಮುಂದೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದು ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಇನ್ನು ಉಳಿದಿರುವುದು ಸರ್ಕಾರದ ಪಾಲಿನ ಕೆಲಸ, ಅದನ್ನು ಮಾಡಿಸುವ ನಮ್ಮ ಪಾಲಿನ ಕೆಲಸ.